ಮಂಡಿಯೂರಿ, ಮಗ್ಗುಲಾಗಿ, ಅಂಗಾತ: ಪಿಸ್ತೂಲಿನ ಗುರಿ ತಪ್ಪಿದಾಗ ದೋಷ ಹುಡುಕುವ ಬಗೆ

ನೆಟ್ಟಗೆ ನಿಂತು ಏಳು ಮೀಟರ್‌ನಿಂದ ಹೊಡೆದರೆ ಐದೂ ಗುಂಡುಗಳು ಅಂಗೈಯಗಲದಲ್ಲಿ ಕೂಡುತ್ತವೆ. ಅದೇ ವ್ಯಕ್ತಿ ಮಂಡಿಯೂರಿದರೆ ಗುರುತುಗಳು ಒಂದು ಗೇಣು ಕೆಳಗಿಳಿಯುತ್ತವೆ. ಅಂಗಾತ ಮಲಗಿದರೆ ಹಾಳೆಯ ತುಂಬ ಚೆದುರುತ್ತವೆ. ಬ್ಯಾರಿಕೇಡ್ (ಮರೆಯ ಹಲಗೆ) ಹಿಂದೆ ಕುಳಿತರೆ ಎರಡನೆಯ ಗುಂಡಿಗೇ ಪಿಸ್ತೂಲು ಕಚ್ಚಿಕೊಳ್ಳುತ್ತದೆ. ಆತ್ಮರಕ್ಷಣೆಯ ತರಬೇತಿಯಲ್ಲಿ ಇದು ನಿತ್ಯ ಕಾಣುವ ಸಂಗತಿ, ಮತ್ತು ಎಲ್ಲರೂ ಮೊದಲು ದೂರುವುದು ಭಂಗಿಯನ್ನು. ಈ ಆರೋಪವನ್ನು ನಾನು ಒಪ್ಪುವುದಿಲ್ಲ. ನಳಿಗೆಯಿಂದ ಹೊರಟ ಗುಂಡಿಗೆ ಹೊಡೆದವರು ನಿಂತಿದ್ದರೋ ಮಲಗಿದ್ದರೋ ಗೊತ್ತಿರುವುದಿಲ್ಲ. ಭಂಗಿ ಬದಲಾದಾಗ ಹಿಡಿತ, ಕಣ್ಣು, ಟ್ರಿಗರ್ ಮೇಲಿನ ಬೆರಳು, ಪಿಸ್ತೂಲಿನ ಸುತ್ತಲಿನ ಜಾಗ, ಈ ನಾಲ್ಕರಲ್ಲಿ ಯಾವುದೋ ಒಂದು ಸದ್ದಿಲ್ಲದೆ ಬದಲಾಗಿರುತ್ತದೆ. ಅದು ಯಾವುದೆಂದು ಕಂಡುಕೊಂಡರೆ ಮದ್ದು ಬಹುಪಾಲು ಸುಲಭ. ಕಂಡುಕೊಳ್ಳದೆ ಗುಂಡಿನ ಮೇಲೆ ಗುಂಡು ಹಾರಿಸುತ್ತ ಹೋದರೆ ದೋಷವೇ ಅಭ್ಯಾಸವಾಗಿ ಕೂರುತ್ತದೆ.

ನಿಂತ ಭಂಗಿಯಲ್ಲಿ ಪಿಸ್ತೂಲನ್ನು ಸುರಕ್ಷಿತವಾಗಿ ನಿಭಾಯಿಸಬಲ್ಲವರಿಗೆ, ಅಧಿಕೃತ ಶೂಟಿಂಗ್ ರೇಂಜ್‌ನಲ್ಲಿ ತರಬೇತುದಾರರ ಕಣ್ಣಳತೆಯಲ್ಲಿ ಅಭ್ಯಾಸ ಮಾಡುವವರಿಗೆ ಈ ಬರಹ. ನಿಂತು ಹೊಡೆಯುವುದೇ ಇನ್ನೂ ಕೈಗೆ ಬಾರದವರು ನೆಲಕ್ಕಿಳಿಯಬಾರದು.

ಮೊದಲು ದಿಬ್ಬವನ್ನು ನೋಡಿ

ಗುರಿ ತಪ್ಪುವುದಕ್ಕಿಂತ ದೊಡ್ಡ ದೋಷವೊಂದು ಹಾಳೆಯ ಮೇಲೆ ಕಾಣಿಸುವುದೇ ಇಲ್ಲ. ನೆಲದ ಮಟ್ಟದಿಂದ ಹೊಡೆದ ಗುಂಡು ಮೇಲ್ಮುಖವಾಗಿ ಸಾಗುತ್ತದೆ. ಲೆಕ್ಕ ಹಾಕಿ: ಅಂಗಾತ ಮಲಗಿದವರ ನಳಿಗೆ ನೆಲದಿಂದ 20 ಸೆಂಟಿಮೀಟರ್ ಎತ್ತರದಲ್ಲಿದೆ, ಮೂರು ಮೀಟರ್ ದೂರದ ಹಾಳೆಯಲ್ಲಿ ಗುರಿಯ ನಡುಭಾಗ 130 ಸೆಂಟಿಮೀಟರ್ ಎತ್ತರದಲ್ಲಿದೆ. ಹಾಳೆಯನ್ನು ತೂರಿದ ಗುಂಡು ಹತ್ತು ಮೀಟರ್ ದೂರಕ್ಕೆ ತಲುಪುವಾಗ ಸುಮಾರು 3.9 ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿ ಗುಂಡು ತಡೆಯಲೆಂದು ಹಾಕಿದ ಮೂರು ಮೀಟರ್ ಎತ್ತರದ ಮಣ್ಣಿನ ದಿಬ್ಬವಿದ್ದರೆ ಗುಂಡು ಅದನ್ನು ದಾಟಿ ಹೋಯಿತು. ಹೊಡೆದವರು ಹಾಳೆಯ ನಟ್ಟನಡುವಿನ ತೂತು ನೋಡಿ ಸಂತೋಷಪಡುತ್ತಿರುತ್ತಾರೆ, ಗುಂಡು ಎಲ್ಲಿ ಇಳಿಯಿತೆಂದು ಯಾರಿಗೂ ಗೊತ್ತಿಲ್ಲ.

ಪರಿಹಾರ ಸರಳ. ಗುರಿಹಾಳೆಯನ್ನು ದಿಬ್ಬದ ಬುಡಕ್ಕೆ ಒಯ್ಯಿರಿ, ಹೊಡೆಯುವವರೂ ಅದಕ್ಕೆ ತಕ್ಕಂತೆ ಮುಂದೆ ಸಾಗಲಿ. ಮೇಲಿನ ಉದಾಹರಣೆಯಲ್ಲಿ ಹಾಳೆಯ ಹಿಂದೆ ಒಂದೇ ಮೀಟರ್ ದೂರದಲ್ಲಿ ದಿಬ್ಬವಿದ್ದರೆ ಗುಂಡು 1.7 ಮೀಟರ್ ಎತ್ತರದಲ್ಲಿ ಮಣ್ಣು ಸೇರುತ್ತದೆ. ಹಾಳೆಯನ್ನೂ ಕೆಳಗಿಳಿಸಿದರೆ ಇನ್ನೂ ಒಳ್ಳೆಯದು. ಉಕ್ಕಿನ ಗುರಿಹಲಗೆಗಳನ್ನು ಈ ಅಭ್ಯಾಸಕ್ಕೆ ಬಳಸಲೇಬೇಡಿ. ಮುಂದಕ್ಕೆ ಬಾಗಿಸಿ ನಿಲ್ಲಿಸಿದ ಹಲಗೆ ಸೀಸದ ಚೂರುಗಳನ್ನು ನೆಲದ ಕಡೆಗೆ ಎಸೆಯುತ್ತದೆ, ನೀವು ಮಲಗಿರುವುದೂ ನೆಲದ ಮೇಲೆಯೇ.

ಹೋಲಿಕೆಗೊಂದು ಆಧಾರ ಬೇಕು

ದೋಷ ಹುಡುಕುವ ದಿನ ನಿಂತ ಭಂಗಿಯಿಂದಲೇ ಶುರುಮಾಡಿ. ಐದು ಗುಂಡು, ಏಳು ಮೀಟರ್, ಅವಸರವಿಲ್ಲದೆ. ಈ ಹಾಳೆಯನ್ನು ಎತ್ತಿಡಿ. ಇದರಲ್ಲೇ ಗುರುತುಗಳು ಎಡಕ್ಕೆ ವಾಲಿದ್ದರೆ ಮಂಡಿಯೂರಿದಾಗಲೂ ಎಡಕ್ಕೇ ವಾಲುತ್ತವೆ, ಅದಕ್ಕೆ ಮಂಡಿ ಕಾರಣವಲ್ಲ.

ಆಮೇಲೆ ಅದೇ ದೂರ, ಅದೇ ಪಿಸ್ತೂಲು, ಅದೇ ತೋಟಾ ಇಟ್ಟುಕೊಂಡು ಭಂಗಿಯನ್ನು ಮಾತ್ರ ಬದಲಿಸಿ. ಅನೇಕರು ಇಲ್ಲಿಯೇ ಎಡವುತ್ತಾರೆ: ಭಂಗಿ ಬದಲಿಸುವಾಗಲೇ ವೇಗ ಹೆಚ್ಚಿಸುತ್ತಾರೆ, ದೂರ ಕಡಿಮೆ ಮಾಡುತ್ತಾರೆ, ಹಿಡಿತವನ್ನೂ ತಿದ್ದುತ್ತಾರೆ. ಮೂರು ಬದಲಾವಣೆಗಳಲ್ಲಿ ಯಾವುದು ಗುಂಡನ್ನು ಸರಿಸಿತೆಂದು ಯಾವ ತರಬೇತುದಾರರೂ ಹೇಳಲಾರರು.

ಹಾಳೆ ಎರಡು ಬಗೆಯ ಸಾಕ್ಷ್ಯ ಕೊಡುತ್ತದೆ. ಗುರುತುಗಳ ಗುಂಪು ಬಿಗಿಯಾಗಿಯೇ ಇದ್ದು ಇಡಿಯಾಗಿ ಬೇರೆಡೆಗೆ ಸರಿದಿದ್ದರೆ ಅದು ಜೋಡಣೆಯ ದೋಷ: ಕಣ್ಣು ಸೈಟ್‌ಗಳನ್ನು (ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಮುಳ್ಳುಗಳನ್ನು) ಬೇರೆ ಕೋನದಿಂದ ನೋಡುತ್ತಿದೆ, ಇಲ್ಲವೇ ದೇಹ ಸಹಜವಾಗಿ ಬೇರೆ ಕಡೆಗೆ ತಿರುಗಿದೆ. ಗುಂಪು ಒಡೆದು ಚೆದುರಿದ್ದರೆ ಟ್ರಿಗರ್, ಹಿಡಿತ ಅಥವಾ ಆಸರೆಯ ದೋಷ. ಈ ಎರಡನ್ನು ಬೇರ್ಪಡಿಸದೆ ಮುಂದಿನ ಹೆಜ್ಜೆ ಇಡಬೇಡಿ.

ಗಡಿಯಾರದ ಮುಖದಂತೆ ಭಾಗ ಮಾಡಿ "ಕೆಳ ಎಡಕ್ಕೆ ಬಿದ್ದರೆ ಬೆರಳು ತಪ್ಪು" ಎಂದೆಲ್ಲ ಬರೆದಿರುವ ಪಟವನ್ನು ಹಲವು ರೇಂಜ್‌ಗಳ ಗೋಡೆಯ ಮೇಲೆ ನೋಡಿರುತ್ತೀರಿ. ಅದು ಒಂದೇ ಕೈಯಲ್ಲಿ ನಿಂತು ಹೊಡೆಯುವ ಬುಲ್ಸ್‌ಐ ಸ್ಪರ್ಧೆಗಾಗಿ ಹುಟ್ಟಿದ ಪಟ. ಎರಡು ಕೈ ಹಿಡಿತದಲ್ಲಿ, ಅದರಲ್ಲೂ ಮಗ್ಗುಲಾಗಿ ಮಲಗಿದಾಗ, ಅದನ್ನು ನಂಬಿ ಕೂರುವುದು ದಾರಿ ತಪ್ಪುವುದಕ್ಕೆ ಸಮ.

ಅದಕ್ಕಿಂತ ವಿಶ್ವಾಸಾರ್ಹ ಪರೀಕ್ಷೆ ಡಮ್ಮಿ ತೋಟಾ, ಅಂದರೆ ಸಿಡಿಯದ ನಕಲಿ ತೋಟಾ. ತರಬೇತುದಾರರು ನಿಮಗೆ ತಿಳಿಯದಂತೆ ಮ್ಯಾಗಜಿನ್‌ನ (ತೋಟಾ ತುಂಬುವ ಪೆಟ್ಟಿಗೆಯ) ನಡುವೆ ಎಲ್ಲೋ ಒಂದೆರಡು ಡಮ್ಮಿ ಸೇರಿಸಲಿ. ಗುಂಡು ಹಾರದೆ "ಟಿಕ್" ಎಂದ ಕ್ಷಣ ನಳಿಗೆ ಕೆಳಕ್ಕೆ ಕುಸಿದರೆ ನೀವು ಸದ್ದಿಗೆ ಮೊದಲೇ ಬೆಚ್ಚುತ್ತಿದ್ದೀರಿ. ಕುಸಿಯದಿದ್ದರೆ ದೋಷ ಬೇರೆ ಕಡೆ ಇದೆ. ನಿಂತಾಗ ಬೆಚ್ಚದವರು ಮಲಗಿದಾಗ ಬೆಚ್ಚುವುದುಂಟು, ಅದರ ಕಾರಣ ಮುಂದೆ ಬರುತ್ತದೆ.

ಪಿಸ್ತೂಲು ವಾಲಿದ್ದೇ ಕಾರಣವೇ?

ಮಗ್ಗುಲಾಗಿ ಮಲಗಿ ತಗ್ಗು ಸಂದಿಯಿಂದ ಹೊಡೆಯುವಾಗ ಪಿಸ್ತೂಲು ಪೂರ್ತಿ ಅಡ್ಡ ವಾಲುತ್ತದೆ. ಗುಂಡು ಗೇಣುದ್ದ ತಪ್ಪಿದರೆ "ಪಿಸ್ತೂಲು ಅಡ್ಡವಾಗಿತ್ತು" ಎಂಬ ವಿವರಣೆ ಸಿದ್ಧವಾಗಿರುತ್ತದೆ. ಇದನ್ನು ಅಳತೆಗೆ ಹಚ್ಚಿ ನೋಡೋಣ. 9 ಮಿ.ಮೀ. ಪಿಸ್ತೂಲಿನಲ್ಲಿ ಸೈಟ್‌ಗಳು ನಳಿಗೆಯ ನಡುಗೆರೆಗಿಂತ ಸುಮಾರು ಎರಡು ಸೆಂಟಿಮೀಟರ್ ಮೇಲಿರುತ್ತವೆ. ಅದನ್ನು 25 ಮೀಟರ್‌ಗೆ ಹೊಂದಿಸಿದ್ದರೆ, 90 ಡಿಗ್ರಿ ವಾಲಿಸಿದಾಗ ಏಳು ಮೀಟರ್‌ನಲ್ಲಿ ಪಕ್ಕಕ್ಕೆ ಸರಿಯುವುದು ಒಂದು ಸೆಂಟಿಮೀಟರ್‌ಗಿಂತ ಕಡಿಮೆ. 25 ಮೀಟರ್‌ನಲ್ಲಿ ಪಿಸ್ತೂಲಿನ ತಲೆ ಯಾವ ಕಡೆ ವಾಲಿದೆಯೋ ಆ ಕಡೆಗೆ ಎರಡೂವರೆ, ಕೆಳಕ್ಕೂ ಹೆಚ್ಚುಕಡಿಮೆ ಅಷ್ಟೇ. ಗೇಣುದ್ದದ ತಪ್ಪಿಗೆ ಇದು ಕಾರಣವಾಗಲು ಸಾಧ್ಯವೇ ಇಲ್ಲ. ವಾಲಿದ ಪಿಸ್ತೂಲಿನ ಮೇಲೆ ಬೆರಳು ಟ್ರಿಗರ್ ಅನ್ನು ಹಿಂದಕ್ಕೆ ಎಳೆಯುವ ಬದಲು ಓರೆಯಾಗಿ ತಳ್ಳುತ್ತಿದೆ, ಅದನ್ನು ನೋಡಿ. ಗುಂಡಿಲ್ಲದ ಪಿಸ್ತೂಲಿನಲ್ಲಿ, ಅದೇ ಭಂಗಿಯಲ್ಲಿ, ಮುಂಬದಿಯ ಸೈಟ್ ಅಲುಗದಂತೆ ಟ್ರಿಗರ್ ಒತ್ತಲು ಬರುವವರೆಗೆ ಗುಂಡು ತುಂಬಬೇಡಿ.

ಬ್ಯಾರಿಕೇಡ್‌ಗೇ ಗುಂಡು ಬಿದ್ದರೆ

ಸೈಟ್‌ಗೂ ನಳಿಗೆಗೂ ನಡುವಿನ ಆ ಎರಡು ಸೆಂಟಿಮೀಟರ್ ಬೇರೆ ಕಡೆ ದೊಡ್ಡ ಅನಾಹುತ ಮಾಡುತ್ತದೆ. ಮರೆಯ ಮೇಲಂಚಿನಿಂದ ನೋಡಿದಾಗ ಸೈಟ್‌ಗಳಿಗೆ ಗುರಿ ಸ್ಪಷ್ಟವಾಗಿ ಕಾಣುತ್ತದೆ, ಆದರೆ ನಳಿಗೆಯ ಬಾಯಿ ಇನ್ನೂ ಅಂಚಿಗಿಂತ ಕೆಳಗಿದೆ. ಮೀಟರ್‌ಗೆ ಎರಡು ಮಿಲಿಮೀಟರ್‌ನಷ್ಟೂ ಮೇಲೇರದ ಗುಂಡು ಅಷ್ಟು ಹತ್ತಿರದ ಅಂಚನ್ನು ದಾಟುವ ಮಾತೇ ಇಲ್ಲ. ರೆಡ್ ಡಾಟ್ (ಪುಟ್ಟ ಗಾಜಿನ ಕಿಟಕಿಯಲ್ಲಿ ಕೆಂಪು ಚುಕ್ಕಿ ತೋರಿಸುವ ಸೈಟ್) ಇರುವ ಪಿಸ್ತೂಲಿನಲ್ಲಿ ಈ ಅಂತರ ಇನ್ನೂ ಹೆಚ್ಚು. ಲಕ್ಷಣಗಳು: ಹಾಳೆಯಲ್ಲಿ ಒಂದು ಗುರುತು ನಾಪತ್ತೆ, ಮರೆಯ ಅಂಚಿನಲ್ಲಿ ಹೊಸ ಗೀರು, ಮುಖಕ್ಕೆ ಚಕ್ಕೆಗಳ ಸಿಡಿತ. ಅಗಲವಾದ ಗಟ್ಟಿ ಮೇಲ್ಮೈಯ ಹಿಂದಿನಿಂದ ಹೊಡೆದಾಗ ಗುಂಡು ಮೇಲ್ಮೈಗೆ ತಾಗಿ ಅದನ್ನೇ ಸವರಿಕೊಂಡು ಮುಂದೆ ಹೋಗುವುದೂ ಇದೆ.

ಪರೀಕ್ಷೆಗೆ ಒಳ್ಳೆಯ ಉಪಾಯವೊಂದಿದೆ. ನಳಿಗೆಯ ಉದ್ದಕ್ಕೂ ಹೋಗಿ ಬಾಯಿಯಿಂದ ಹೊರಚಾಚುವ ಬಣ್ಣದ ಪ್ಲಾಸ್ಟಿಕ್ ಸುರಕ್ಷಾ ಕಡ್ಡಿ ಸಿಗುತ್ತದೆ. ಅದನ್ನು ಖಾಲಿ ಪಿಸ್ತೂಲಿಗೆ ಹಾಕಿ ಭಂಗಿ ತೆಗೆದುಕೊಳ್ಳಿ, ಪಕ್ಕದಿಂದ ಇನ್ನೊಬ್ಬರು ನೋಡಲಿ. ಸೈಟ್‌ಗೆ ಗುರಿ ಕಂಡ ಗಳಿಗೆಯಲ್ಲಿ ಕಡ್ಡಿ ಮರೆಯ ಅಂಚನ್ನು ನೋಡುತ್ತಿದ್ದರೆ ದೋಷ ಸಿಕ್ಕಿತು. ಮರೆಗೆ ಅಂಟಿಕೊಳ್ಳದೆ ಕನಿಷ್ಠ ತೋಳಿನುದ್ದ ಹಿಂದೆ ಸರಿಯಿರಿ, ಮತ್ತು ಮೇಲಂಚಿಗಿಂತ ಪಕ್ಕದ ಅಂಚನ್ನು ಆರಿಸಿಕೊಳ್ಳಿ. ಹಿಂದೆ ಸರಿದರೆ ಚಕ್ಕೆಗಳಿಂದಲೂ ರಕ್ಷಣೆ.

ಮಂಡಿಯೂರಿದಾಗ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಮೊಣಕೈಯ ಮೂಳೆಯನ್ನು ಮಂಡಿಚಿಪ್ಪಿನ ಮೇಲೆ ಇಟ್ಟರೆ ಮೂಳೆಯ ಮೇಲೆ ಮೂಳೆ ಜಾರುತ್ತದೆ, ಗುಂಪು ಅಡ್ಡಡ್ಡ ಹಿಗ್ಗುತ್ತದೆ. ಮೊಣಕೈಯಿಂದ ತುಸು ಮೇಲಿನ ಮಾಂಸಲ ಭಾಗ ಮಂಡಿಗೆ ಒರಗಲಿ. ಗುಂಪು ಬಿಗಿಯಾಗಿದ್ದು ಪಕ್ಕಕ್ಕೆ ಸರಿದಿದ್ದರೆ, ಖಾಲಿ ಪಿಸ್ತೂಲಿನಿಂದ ಗುರಿ ಹಿಡಿದು ಕಣ್ಣು ಮುಚ್ಚಿ, ಉಸಿರು ಬಿಟ್ಟು ಕಣ್ಣು ತೆರೆಯಿರಿ. ಸೈಟ್ ಸರಿದಿದ್ದರೆ ಕೈಯಿಂದ ಎಳೆದು ತರಬೇಡಿ, ಊರಿದ ಮಂಡಿಯನ್ನು ಸ್ವಲ್ಪ ತಿರುಗಿಸಿ.

ಅಂಗಾತ ಮತ್ತು ಮಗ್ಗುಲು

ಅಂಗಾತ ಮಲಗಿದವರ ಮೊದಲ ಶತ್ರು ಅವರದೇ ಕಾಲು. ಪಿಸ್ತೂಲು ಮುಂದಕ್ಕೆ ಚಾಚುವ ದಾರಿಯಲ್ಲಿ ತೊಡೆ, ಮಂಡಿ, ಪಾದ ಮೂರೂ ಇವೆ. ಹೋಲ್‌ಸ್ಟರ್‌ನಿಂದ (ಸೊಂಟದ ಪಿಸ್ತೂಲು ಚೀಲದಿಂದ) ತೆಗೆಯುವಾಗ, ಗುರಿ ಬದಲಿಸುವಾಗ, ಎದ್ದೇಳುವಾಗ ನಳಿಗೆ ಇವುಗಳ ಮೇಲೆ ಹಾದುಹೋಗುತ್ತಿದೆಯೇ ಎಂಬುದನ್ನು ಹೊಡೆಯುವವರು ತಾವೇ ನೋಡಿಕೊಳ್ಳಲಾರರು. ಗುಂಡು ಹಾರಿಸಲಾಗದ ತರಬೇತಿ ಪಿಸ್ತೂಲಿನಲ್ಲಿ ಮಾಡಿಸಿ, ಮೊಬೈಲ್‌ನಲ್ಲಿ ಪಕ್ಕದಿಂದ ಚಿತ್ರೀಕರಿಸಿ. ಮಂಡಿಗಳನ್ನು ಮಡಚಿ ಅಗಲಿಸಿ ಪಾದ ಊರುವುದು ಒಂದು ದಾರಿ, ಕಾಲುಗಳನ್ನು ಚಾಚಿ ನೆಲಕ್ಕೆ ಅಂಟಿಸುವುದು ಇನ್ನೊಂದು. ಅರ್ಧ ಮಡಚಿದ ಕಾಲು ಎರಡಕ್ಕೂ ಸಲ್ಲದ ಅಪಾಯ, ಏಕೆಂದರೆ ಗುಂಡು ಹಾರಿದಾಗ ಪಿಸ್ತೂಲು ಹಿಂದಕ್ಕೆ ಒದೆದು ದೇಹ ಅಲುಗಿದಾಗ ಮಂಡಿ ಮೇಲೇಳುತ್ತದೆ. ಚಿತ್ರೀಕರಣದಲ್ಲಿ ಒಮ್ಮೆಯಾದರೂ ನಳಿಗೆ ಕಾಲಿನ ಮೇಲೆ ಹಾದರೆ ಆ ದಿನ ಈ ಭಂಗಿಯಲ್ಲಿ ನಿಜವಾದ ತೋಟಾ ಬೇಡ. ಇದರಲ್ಲಿ ರಾಜಿ ಮಾಡಿಕೊಳ್ಳುವ ತರಬೇತುದಾರರನ್ನು ಬದಲಿಸುವುದೇ ಸರಿ.

ಕಾಲು ಸರಿಯಾದ ಮೇಲೆ ಕತ್ತು. ವಯಸ್ಕರ ತಲೆ ಸುಮಾರು ಐದು ಕಿಲೋ ತೂಗುತ್ತದೆ. ಅದನ್ನು ನೆಲದಿಂದ ಎತ್ತಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ಕತ್ತು ನಡುಗುತ್ತದೆ, ಸೈಟ್‌ಗಳೂ ನಡುಗುತ್ತಿರುವಂತೆ ಕಾಣುತ್ತದೆ. ಮೊದಲ ಎರಡು ಗುಂಡು ಒಟ್ಟಿಗೆ ಬಿದ್ದು ಆಮೇಲಿನವು ಚೆದುರಿದರೆ ಇದನ್ನೇ ಅನುಮಾನಿಸಿ. ಸುತ್ತು ಸುತ್ತಿಗೂ ತಲೆ ಕೆಳಗಿಟ್ಟು ವಿಶ್ರಾಂತಿ ಕೊಟ್ಟು ಮತ್ತೆ ಹೊಡೆದು ನೋಡಿ.

ಕನ್ನಡಕದ ವಿಷಯವನ್ನು ಹೆಚ್ಚಿನ ತರಬೇತಿಗಳಲ್ಲಿ ಯಾರೂ ಎತ್ತುವುದಿಲ್ಲ, ನನಗೆ ಅದು ಬೇಸರದ ಸಂಗತಿ. ಪ್ರೊಗ್ರೆಸಿವ್ ಗಾಜಿನಲ್ಲಿ ಮೇಲ್ಭಾಗ ದೂರದ ನೋಟಕ್ಕೆ, ಕೆಳಭಾಗ ಓದುವುದಕ್ಕೆ. ಬೋರಲು ಮಲಗಿದಾಗ ಕಣ್ಣು ಹುಬ್ಬಿನ ಕಡೆಗೆ ಏರುತ್ತದೆ: ಮುಂಬದಿಯ ಸೈಟ್ ಮಸುಕು, ಕೆಲವೊಮ್ಮೆ ಚೌಕಟ್ಟೇ ಅಡ್ಡ. ಅಂಗಾತ ಮಲಗಿ ಗದ್ದವನ್ನು ಎದೆಗೆ ಒತ್ತಿದಾಗ ನೋಟ ಕೆಳಭಾಗದಿಂದ ಹೋಗುತ್ತದೆ: ಗುರಿ ಮಸುಕು. ರೆಡ್ ಡಾಟ್ ಬಳಸುವವರಿಗಂತೂ ಗುರಿಯ ಜೊತೆಗೆ ಚುಕ್ಕಿಯೂ ಮಸುಕು, ಏಕೆಂದರೆ ಆ ಚುಕ್ಕಿಯನ್ನು ಕಣ್ಣು ದೂರದ ವಸ್ತುವಿನಂತೆಯೇ ಕಾಣುತ್ತದೆ. ಒಂದೇ ಪವರ್ ಇರುವ ಸುರಕ್ಷಾ ಕನ್ನಡಕ ಹಾಕಿಕೊಂಡು ಅದೇ ಸುತ್ತನ್ನು ಮತ್ತೆ ಹೊಡೆಯಿರಿ. ಗುಂಪು ಕೂಡಿದರೆ ದೋಷ ಕೈಯಲ್ಲಿರಲಿಲ್ಲ.

ಚುಕ್ಕಿಯೇ ಕಾಣದಿದ್ದರೆ ಕಿಟಕಿಯೊಳಗೆ ಅದನ್ನು ಹುಡುಕುತ್ತ ತಲೆ ಆಡಿಸಬೇಡಿ. ಲೋಹದ ಸೈಟ್‌ಗಳು ಆ ಕಿಟಕಿಯಲ್ಲಿ ಕಾಣುವಷ್ಟು ಎತ್ತರವಿದ್ದರೆ ಮೊದಲು ಅವನ್ನು ಜೋಡಿಸಿ, ಮುಂಬದಿಯ ಸೈಟ್‌ನ ನೆತ್ತಿಯ ಆಸುಪಾಸಿನಲ್ಲೇ ಚುಕ್ಕಿ ಸಿಗುತ್ತದೆ.

ಉರುಳಿ ಮಗ್ಗುಲಾಗಿ ತೋಳಿನ ಮೇಲೆ ತಲೆಯಿಟ್ಟು ಹೊಡೆಯುವ ಭಂಗಿಯ ಜೊತೆಗೆ ರೇ ಚಾಪ್‌ಮನ್ ಹೆಸರು ಸೇರಿಕೊಂಡಿದೆ. 1975ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ನಡೆದ ಪ್ರಾಯೋಗಿಕ (ಪ್ರಾಕ್ಟಿಕಲ್) ಪಿಸ್ತೂಲು ಶೂಟಿಂಗ್‌ನ ಮೊದಲ ವಿಶ್ವ ಚಾಂಪಿಯನ್ ಅವರು. ತಲೆಗೆ ಆಸರೆ ಸಿಗುವುದರಿಂದ ಇದರಲ್ಲಿ ಕತ್ತು ದಣಿಯುವುದಿಲ್ಲ. ಆದರೆ ಕಿವಿಯ ರಕ್ಷಣೆಗೆ ಹಾಕಿದ ಇಯರ್‌ಮಫ್ ತೋಳಿಗೆ ಒತ್ತಿ ಮೇಲೇಳುತ್ತದೆ. ಪಿಸ್ತೂಲಿನ ಸದ್ದಿನ ಗರಿಷ್ಠ ಮಟ್ಟ 140 ಡೆಸಿಬೆಲ್ ಮೀರುತ್ತದೆ, ಬೆರಳು ತೂರುವಷ್ಟು ಸಂದಿಯಾದರೂ ಕಿವಿಗೆ ಹೊಡೆತ ಬೀಳುತ್ತದೆ. ಮುಂದಿನ ಗುಂಡಿಗೆ ಮೊದಲೇ ಮೈ ಬೆಚ್ಚುತ್ತದೆ. ನಿಂತಾಗ ಇಲ್ಲದ ಬೆಚ್ಚುವಿಕೆ ಮಲಗಿದಾಗ ಮಾತ್ರ ಬಂದರೆ ಬೆರಳನ್ನು ತಿದ್ದುವ ಮುನ್ನ ಮಫ್‌ನ ಕೆಳಗೆ ಇಯರ್‌ಪ್ಲಗ್ ಹಾಕಿ. ಕುತ್ತಿಗೆಯ ಪಟ್ಟಿಯೊಳಗೆ ಬೀಳುವ, ಹಾರಿದ ತೋಟಾದ ಬಿಸಿ ಖಾಲಿ ಕೋಶವೂ ಇದೇ ಪರಿಣಾಮ ಮಾಡುತ್ತದೆ. ಅಂಗಿಯ ಗುಂಡಿಗಳನ್ನು ಮೇಲಿನವರೆಗೆ ಹಾಕಿಕೊಳ್ಳಿ.

ಪಿಸ್ತೂಲು ಕಚ್ಚಿಕೊಂಡರೆ

ತಕ್ಷಣ ಬಿಡಿಸುವ ಅಭ್ಯಾಸ ಬೇರೆ, ಕಾರಣ ಹುಡುಕುವ ಅಭ್ಯಾಸ ಬೇರೆ. ಇಂದು ಎರಡನೆಯದು ನಮ್ಮ ಕೆಲಸ, ಆದ್ದರಿಂದ ನಳಿಗೆಯನ್ನು ದಿಬ್ಬದ ಕಡೆಗೇ ಇಟ್ಟು, ಬೆರಳನ್ನು ಟ್ರಿಗರ್‌ನಿಂದ ಹೊರತೆಗೆದು, ಏನಾಗಿದೆ ಎಂದು ನೋಡಿ. "ಟಿಕ್" ಎಂದು ಸುಮ್ಮನಾದರೆ ತಡವಾಗಿ ಸಿಡಿಯುವ ತೋಟಾ ಇರಬಹುದು, ಕನಿಷ್ಠ 30 ಸೆಕೆಂಡು ಹಾಗೆಯೇ ಹಿಡಿದಿರಿ. ಸದ್ದು ಕ್ಷೀಣವಾಗಿ "ಪುಸ್" ಎಂದರೆ ಅಲ್ಲಿಗೇ ನಿಲ್ಲಿಸಿ: ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಭಂಗಿ ವಿಚಿತ್ರವಾಗಿದ್ದಾಗ ಸದ್ದಿನ ವ್ಯತ್ಯಾಸವನ್ನು ಭಂಗಿಯ ತಲೆಗೇ ಕಟ್ಟಿ ಮುಂದುವರಿಯುವವರಿದ್ದಾರೆ.

ಖಾಲಿ ಕೋಶ ಸ್ಲೈಡ್‌ನ (ಪ್ರತಿ ಗುಂಡಿಗೂ ಹಿಂದೆ ಮುಂದೆ ಓಡುವ ಮೇಲಿನ ಭಾಗದ) ಬಾಯಲ್ಲಿ ನಿಂತುಕೊಂಡಿದ್ದರೆ ಎರಡು ಸಾಧ್ಯತೆ. ಒಂದು, ಮಣಿಕಟ್ಟು ಸಡಿಲ. ಸ್ಲೈಡ್ ಹಿಂದಕ್ಕೆ ಓಡುವಾಗ ಪಿಸ್ತೂಲಿನ ಮೈ ಗಟ್ಟಿಯಾಗಿ ನಿಂತಿರಬೇಕು, ಅದೂ ಜೊತೆಗೇ ಹಿಂದೆ ಸರಿದರೆ ಸ್ಲೈಡ್‌ಗೆ ಪೂರ್ತಿ ಓಟ ಸಿಗುವುದಿಲ್ಲ. ಅಂಗಾತ, ಒಂದೇ ಕೈ, ಮೊಣಕೈ ಮಡಚಿದ ಭಂಗಿಗಳಲ್ಲಿ ಇದು ಸಾಮಾನ್ಯ. ಎರಡು, ಕೋಶಕ್ಕೆ ಹೊರಹೋಗಲು ಜಾಗವಿಲ್ಲ. ಬಹುತೇಕ ಪಿಸ್ತೂಲುಗಳು ಕೋಶವನ್ನು ಬಲಕ್ಕೆ ಎಸೆಯುತ್ತವೆ. ಬಲಭಾಗ ಗೋಡೆಗೆ ತಾಗಿದ್ದರೆ, ಅಥವಾ ಪಿಸ್ತೂಲನ್ನು ಬಲಕ್ಕೆ ಅಡ್ಡ ಮಲಗಿಸಿ ನೆಲಕ್ಕೆ ಸಮೀಪ ಹಿಡಿದಿದ್ದರೆ, ಕೋಶ ಪುಟಿದು ಒಳಕ್ಕೇ ಬರುತ್ತದೆ. ಯಾವುದೆಂದು ತಿಳಿಯಲು ಹಿಡಿತ ಬದಲಿಸದೆ ಪಿಸ್ತೂಲನ್ನು ಗೋಡೆಯಿಂದಲೋ ನೆಲದಿಂದಲೋ ಒಂದು ಗೇಣು ದೂರ ತಂದು ಹೊಡೆಯಿರಿ. ತೊಂದರೆ ನಿಂತುಹೋದರೆ ಜಾಗದ ದೋಷ, ಮುಂದುವರಿದರೆ ಮಣಿಕಟ್ಟಿನದು.

ಟ್ರಿಗರ್ ಒತ್ತಿದರೂ ಏನೂ ಆಗದೆ ಸತ್ತಂತಿದ್ದರೆ ಸ್ಲೈಡ್ ಪೂರ್ತಿ ಮುಂದೆ ಬಂದಿದೆಯೇ ನೋಡಿ. ನಳಿಗೆಯ ತುದಿಯನ್ನು ಬ್ಯಾರಿಕೇಡ್‌ಗೆ ಒತ್ತಿ ಆಸರೆ ಪಡೆಯುವವರಲ್ಲಿ ಸ್ಲೈಡ್ ಕೆಲವೇ ಮಿಲಿಮೀಟರ್ ಹಿಂದೆ ಸರಿದಿರುತ್ತದೆ, ಒಳಗಿನ ಡಿಸ್‌ಕನೆಕ್ಟರ್ ಗುಂಡು ಹಾರದಂತೆ ತಡೆಯುತ್ತದೆ. ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. ಆಸರೆಗೆ ಕೈಯನ್ನು ಒತ್ತಿ, ಪಿಸ್ತೂಲನ್ನಲ್ಲ. 1911 ಎಂಬ ಹೆಸರಿನ ಪಿಸ್ತೂಲು ಮಾದರಿಯಲ್ಲಾದರೆ ಹಿಡಿಯ ಹಿಂದಿನ ಗ್ರಿಪ್ ಸೇಫ್ಟಿಯನ್ನು (ಒತ್ತದಿದ್ದರೆ ಗುಂಡು ಹಾರಲು ಬಿಡದ ತಡೆಯನ್ನು) ಅಂಗೈ ಪೂರ್ತಿ ಒತ್ತುತ್ತಿಲ್ಲದಿರಬಹುದು, ಮಣಿಕಟ್ಟು ತಿರುಚಿದ ಭಂಗಿಗಳಲ್ಲಿ ಹೀಗಾಗುತ್ತದೆ.

ಗುಂಡುಗಳಿರುವಾಗಲೇ ಸ್ಲೈಡ್ ಹಿಂದೆ ನಿಂತರೆ ಹೆಬ್ಬೆರಳು ಸ್ಲೈಡ್ ಸ್ಟಾಪ್ ಅನ್ನು (ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಕೀಲನ್ನು) ಮೇಲೆತ್ತಿದೆ. ಗುಂಡು ಮುಗಿದರೂ ನಿಲ್ಲದಿದ್ದರೆ ಅದೇ ಹೆಬ್ಬೆರಳು ಅದನ್ನು ಕೆಳಗೆ ಒತ್ತಿಹಿಡಿದಿದೆ. ಒಂದು ಗುಂಡು ಹಾರಿ ಮ್ಯಾಗಜಿನ್ ಕಳಚಿ ಬಿದ್ದರೆ ಅಂಗೈಯೋ ಮಂಡಿಯೋ ಬಿಡುಗಡೆಯ ಗುಂಡಿಯನ್ನು ಅದುಮಿದೆ. ಮೈಗೆ ಒತ್ತಿಕೊಂಡು ಹೊಡೆಯುವ ಭಂಗಿಯಲ್ಲಿ ಸ್ಲೈಡ್ ಅಂಗಿಯನ್ನು ಕಚ್ಚಿದರೆ ಪಿಸ್ತೂಲಿನ ತಲೆಯನ್ನು ತುಸು ಹೊರಕ್ಕೆ ವಾಲಿಸಿ. ರಿವಾಲ್ವರ್ ಬಳಸುವವರಿಗೆ ಕಚ್ಚುವ ತೊಂದರೆ ಕಡಿಮೆ, ಆದರೆ ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯಿಂದ ಚಿಮ್ಮುವ ಬಿಸಿ ಅನಿಲ ಬೆರಳನ್ನು ಸೀಳಬಲ್ಲದು. ಆಸರೆಯ ಕೈ ಆ ಸಂದಿಯ ಪಕ್ಕಕ್ಕೆ ಬರಲೇಬಾರದು.

ಮಲಗಿಕೊಂಡು ಸ್ಲೈಡ್ ಎಳೆಯುವಾಗ ಪಿಸ್ತೂಲು ಪಕ್ಕಕ್ಕೆ ತಿರುಗುತ್ತದೆ, ನಳಿಗೆ ನಿಮ್ಮ ಮೊಣಕೈಯನ್ನೋ ಪಕ್ಕದ ಸಾಲಿನವರನ್ನೋ ನೋಡುತ್ತದೆ. ಪಿಸ್ತೂಲನ್ನು ಎದೆಯ ಹತ್ತಿರ ತಂದು, ನಳಿಗೆಯನ್ನು ದಿಬ್ಬಕ್ಕೇ ನೆಟ್ಟು, ಸ್ಲೈಡ್ ಅನ್ನು ಹಿಂದಕ್ಕೆ ಎಳೆಯುವುದರ ಜೊತೆಗೆ ಪಿಸ್ತೂಲನ್ನು ಮುಂದಕ್ಕೆ ತಳ್ಳಿ.

ಎದ್ದೇಳುವಾಗ

ಆಯ ತಪ್ಪಿದಾಗ, ಬೆಚ್ಚಿಬಿದ್ದಾಗ, ಇನ್ನೊಂದು ಕೈ ಏನನ್ನಾದರೂ ಬಿಗಿಯಾಗಿ ಹಿಡಿದಾಗ ಬೆರಳುಗಳು ತಾವಾಗಿಯೇ ಬಿಗಿಯುತ್ತವೆ. ನೆಲದಿಂದ ಏಳುವಾಗ ಈ ಮೂರೂ ಒಟ್ಟಿಗೆ ಕಾದಿರುತ್ತವೆ. ಬೆರಳು ಟ್ರಿಗರ್ ಮೇಲಿದ್ದರೆ ಇಷ್ಟೇ ಸಾಕು. ಬೆರಳನ್ನು ಸ್ಲೈಡ್‌ಗಿಂತ ಕೆಳಗೆ, ಫ್ರೇಮ್‌ನ (ಪಿಸ್ತೂಲಿನ ಮೈಯ) ಉದ್ದಕ್ಕೆ ಚಾಚಿ, ತರಬೇತುದಾರರಿಗೆ ಕಾಣುವಂತೆ ಇಟ್ಟ ಮೇಲೆಯೇ ಮೊದಲ ಮಂಡಿ ಮಡಚಲಿ. ಊರುವ ಕೈ ನಳಿಗೆಯ ಮುಂದೆ ಬರದಂತೆ ದೇಹದ ಹಿಂಬದಿಗೆ ಊರಲಿ. ಮಲಗಿದ್ದಲ್ಲೇ ಹೋಲ್‌ಸ್ಟರ್‌ಗೆ ಹಾಕಲು ಹೋಗಬೇಡಿ: ಅಂಗಿಯ ಮಡಿಕೆಯೋ ಜಾಕೆಟ್‌ನ ದಾರವೋ ಟ್ರಿಗರ್‌ಗೆ ಸಿಕ್ಕುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪೂರ್ತಿ ಎದ್ದು ನಿಂತು, ಹೋಲ್‌ಸ್ಟರ್‌ನ ಬಾಯಿಯನ್ನು ನೋಡಿ, ನಿಧಾನವಾಗಿ ಇಳಿಸಿ. ಇಳಿಯುವಾಗ ಏನಾದರೂ ತಡೆದಂತಾದರೆ ಒತ್ತದೆ ಹೊರತೆಗೆದು ಒಳಗೇನಿದೆ ಎಂದು ನೋಡಿ.